ಬಿಳಿಗೆರೆಗೆ ಒಯ್ದ ಸಲಾಕೆ

ಎಂಬತ್ತೆರಡರ ಬೇಸಿಗೆ. ಬೆಂಗಳೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದೆ. ತಿಪಟೂರಿಗೆ ಎಂಟು ರೂಪಾಯಿ ಚಿಲ್ಲರೆ ಟಿಕೆಟ್ಟು. ಜೊತೆಯಲ್ಲಿ ಗೋಣಿತಾಟು ಸುತ್ತಿದ, ಸೊಂಟದೆತ್ತರದ ಉಕ್ಕಿನ ಸಲಾಕೆ; ತೆಂಗಿನಕಾಯಿ ಸುಲಿಯಲೆಂದು ಕಾಲೇಜಿನ ಕುಲುಮೆಯಲ್ಲಿ ನಾನೇ ಕಾಯಿಸಿ ಗಟ್ಟಿ ಮಾಡಿದ್ದು. ಮೆಕ್ಯಾನಿಕಲ್ ಕಡೆಯ ವರ್ಷದಲ್ಲಿ ನಾನೊಬ್ಬಳೇ ಹುಡುಗಿ. ಮುಂದೆ ಲೋಹಗಳ ವಿಷಯವನ್ನೇ ಓದಬೇಕೆಂದು ನನ್ನ ಹಟ, ಭಾನುವಾರ ಬ್ಯಾಂಕ್ ಪರೀಕ್ಷೆ ಬರೆಯಬೇಕೆಂದು ಅಪ್ಪನ ಹಟ. "ಕಾಯಿ ಸುಲಿಯೋರು ಒಪ್ಪಿದ್ರೆ ಓದು, ಇಲ್ಲದಿದ್ರೆ ಪರೀಕ್ಷೆಗೆ ಕೂರು" ಎಂದು ಕೊನೆಗೆ ರಾಜಿಯಾಗಿದ್ದರು. ಗೆದ್ದೇ ಬರುತ್ತೇನೆಂಬ ಜಂಬ ನನಗೆ.

ತಿಪಟೂರಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸು ಹಿಡಿದು ಬಿಳಿಗೆರೆಯಲ್ಲಿ ಗೆಳತಿಯ ದೊಡ್ಡಪ್ಪನ ಮನೆ ತಲುಪಿದೆ. ಸಲಾಕೆ ಬಿಚ್ಚಲು ಹೋದರೆ ಅವರು, "ಮೊದ್ಲು ಉಣ್ಣವ್ವ, ಆಮ್ಯಾಕೆ ನಿನ್ ಇಂಜಿನಿಯರಿಂಗು" ಎಂದು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು.

ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿ. ಅಲ್ಲಿ ಕಾಯಿಯನ್ನು ಮಟ್ಟೆಯ, ಅಂದರೆ ಮೇಲಿನ ನಾರಿನ ಸಿಪ್ಪೆಯ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿಡುತ್ತಾರೆ. ಒಳಗಿನ ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆ ಕೊಬ್ಬರಿಯಾಗುತ್ತದೆ. ನಾನು ಪರೀಕ್ಷೆ ಮಾಡಿದ್ದೆಲ್ಲ ಬೆಂಗಳೂರಿನ ಮಾರುಕಟ್ಟೆಯ ಹಸಿ ಕಾಯಿಯ ಮೇಲೆ.

ಇಪ್ಪತ್ತು ವರ್ಷದಿಂದ ಕಾಯಿ ಸುಲಿಯುತ್ತಿದ್ದ ರಂಗಪ್ಪ ನನ್ನ ಸಲಾಕೆಯನ್ನು ನೆಲಕ್ಕೆ ನೆಟ್ಟು ಒಂದು ಕಾಯಿ ಕುಕ್ಕಿದರು. "ಬೆಣ್ಣೆಗಿಳಿದಂಗೆ ಇಳೀತದೆ ಕಣವ್ವ!" ನಾನು ಉಬ್ಬಿಹೋದೆ. ಅವರು ಅದರಲ್ಲೇ ಸುಲಿಯುತ್ತ ಹೋದರು.

ಪಕ್ಕದಲ್ಲಿ ಚಿಪ್ಪು ಒಡೆದು ಉಂಡೆ ತೆಗೆಯುತ್ತಿದ್ದ ಅವರ ಹೆಂಡತಿ ಗಂಗಮ್ಮ ಅರ್ಧ ಗಂಟೆಯಲ್ಲೇ ಕರೆದರು. "ಇಲ್ನೋಡವ್ವ, ಎಲ್ಲಾಕೂ ಗಾಯ ಆಗ್ಬುಟ್ಟದೆ. ಇಂಥದ್ನ ಮಂಡೀಲಿ ಉಂಡೆ ಅಂತ ತಗಳಾಕಿಲ್ಲ." ನನ್ನ ಚೂಪು ತುದಿ ಮಟ್ಟೆಯ ಜೊತೆಗೆ ಚಿಪ್ಪನ್ನೂ ತೂರಿ ಕೊಬ್ಬರಿ ಕೊರೆದಿತ್ತು. ಪಕ್ಕದಲ್ಲೇ ನೆಟ್ಟಿದ್ದ ರಂಗಪ್ಪನವರ ಸಲಾಕೆಯ ತುದಿ ಹೆಬ್ಬೆರಳಿನಷ್ಟು ಮೊಂಡು. ಅದನ್ನು ನಾನು ಅಸಡ್ಡೆ ಎಂದುಕೊಂಡಿದ್ದೆ.

ತುದಿ ಸವೆಸೋಣವೆಂದು ಉಕ್ಕು ಉಜ್ಜುವ ಅರ ಹಿಡಿದೆ. ಅಷ್ಟೊಂದು ಗಟ್ಟಿ ಮಾಡಿದ್ದೆನಲ್ಲ, ಅರ ಜಾರಿತೇ ಹೊರತು ಕಚ್ಚಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು; ನನಗೆ ಅಳು ಬಂತು.

ರಂಗಪ್ಪ ನನ್ನ ಸಲಾಕೆಯನ್ನು ಅಲ್ಲಾಡಿಸಿ ನೋಡಿದರು. "ತುದಿ ಬ್ಯಾಡ ಕಣವ್ವ, ಬುಡ ಮಾತ್ರ ಜೋರಾಗದೆ. ನಂದು ಬುಡದಾಗೇ ಬಾಗ್ತದೆ, ವರ್ಸಕ್ಕೆರಡು ಸಲ ಕುಲುಮೆಗೆ ಒಯ್ತೀನಿ. ಬುಡ ನಿಂದು, ತುದಿ ನಂದು, ಹಂಗೆ ಮಾಡಾಕಾಯ್ತದಾ?"

"ಗೊತ್ತಿಲ್ಲ," ಎಂದೆ. "ಕಲಿತು ನೋಡಬೇಕು."

ಅವರು ತಮ್ಮ ಸಲಾಕೆಯನ್ನೇ ಕಿತ್ತು ನನ್ನ ಗೋಣಿತಾಟಿನಲ್ಲಿ ಸುತ್ತಿದರು. "ಅಳತೆಗೆ ಬೇಕಲ್ವಾ, ತಗೊಂಡೋಗು."

"ಅನ್ನ ಕೊಡೋ ಸಲಾಕೆ ಕೊಟ್ಬುಟ್ಟೆಯಲ್ಲಾ!" ಗಂಗಮ್ಮ ಗದರಿದರು.

"ತಂದ್ಕೊಡ್ತಾಳೆ ಬುಡು."

ಎರಡೂ ಸಲಾಕೆ ಹೊತ್ತು ಸಂಜೆಯ ರೈಲಿಗೆ ಹೊರಟೆ. ಮನೆಯಲ್ಲಿ ಅಪ್ಪ ಕಾದಿದ್ದರು. "ಒಪ್ಪಿದ್ರಾ?"

ಇಲ್ಲವೆಂದು ತಲೆಯಾಡಿಸಿ, ನಡೆದದ್ದನ್ನೆಲ್ಲ ಹೇಳಿ, ರಂಗಪ್ಪನವರ ಸಲಾಕೆಯನ್ನು ಮುಂದಿಟ್ಟೆ. ಅಪ್ಪ ಅದರ ಬಾಗಿದ ಬುಡವನ್ನು ಬಹಳ ಹೊತ್ತು ಸವರಿ ನೋಡಿದರು.

"ಅಲ್ಲಿ ಆತನ ಕೈ ಬರಿದಾಗಿರುತ್ತಲ್ಲಮ್ಮ," ಎಂದರು. "ಭಾನುವಾರ ಪರೀಕ್ಷೆ ಅಂತ ಕೂತ್ಕೋಬೇಡ. ಇದನ್ನ ಹೇಗೆ ಮಾಡೋದು ಅಂತ ಓದಿ ನೋಡು."