ನಾನು ಪಾಸ್ ಮಾಡಿದ ಬಿಳಿ ಅಂಗಿಗಳು

ಬಕೆಟ್ ಕೊಳ್ಳುವಾಗ ಅದರ ಬಣ್ಣ ಯಾರು ಮಾಡಿದ್ದು ಅಂತ ಯಾರಾದರೂ ಕೇಳುತ್ತಾರಾ? ನಮ್ಮದು ಅಂಥ ಬಣ್ಣ, ಅಂಟು, ಲೇಪ ಎಲ್ಲ ಮಾಡುವ ದೊಡ್ಡ ಕೆಮಿಕಲ್ ಕಂಪನಿ. ಅದರ ಅಂಧೇರಿಯ ಲ್ಯಾಬಿನಲ್ಲಿ ಬಣ್ಣ ನೋಡುವುದರಲ್ಲೇ ನನ್ನ ಒಳ್ಳೆಯ ವರ್ಷಗಳೆಲ್ಲ ಕಳೆದವು. ಈಗ ಆ ಕೆಲಸ ಮಷಿನ್ ಮಾಡುತ್ತದಂತೆ. ಮಾಡಲಿ ಮಾರಾಯ್ರೆ, ಅದಕ್ಕೆ ಚಹಾವೂ ಬೇಡ, ಪಟ್ಟಾಂಗವೂ ಬೇಡ.

ನಮ್ಮ ಕ್ರಮವೇ ಬೇರೆ. ಕಿಟಕಿಯ ಹತ್ತಿರ ಇಬ್ಬರು ನಿಲ್ಲಬೇಕು. ಮಾದರಿ ತುಂಡಿನ ಪಕ್ಕ ಹೊಸ ಮಾಲಿನ ತುಂಡು ಇಟ್ಟು ನೋಡಿ, ಬಣ್ಣ ಕೂಡದಿದ್ದರೆ ಅದನ್ನು ಬೋರಲು ಹಾಕಬೇಕು. ಮಾತಾಡುವಂತಿಲ್ಲ, ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಸೀರೆಯ ಬಣ್ಣ ತುಂಡಿನ ಮೇಲೆ ಬೀಳಬಾರದೆಂದು ಮಣಿಕಟ್ಟಿನವರೆಗೂ ಬೂದು ಕೋಟು. ನನ್ನ ಜೋಡಿ ವಿಜಯಪುರ ಕಡೆಯವಳು, ಸಾಂತಾಕ್ರೂಜ್‌ನಿಂದ ಬರುತ್ತಿದ್ದಳು. ಕೋಟಿನ ತೋಳೊಳಗೆ ಕೈತುಂಬ ಹಸಿರು ಬಳೆ. ಉಡುಪಿಯವಳಾದ ನನ್ನ ಸಾರು ಸಿಹಿ ಅಂತ ಅವಳು, ಅವಳ ಚಟ್ನಿ ಬೆಂಕಿ ಅಂತ ನಾನು, ದಿನಾ ಜಗಳವಾಡಿಯೇ ಉಣ್ಣುತ್ತಿದ್ದೆವು.

ವರ್ಷಕ್ಕೊಮ್ಮೆ ನಮ್ಮ ಕಣ್ಣಿನ ಪರೀಕ್ಷೆ. ಫೇಲಾದವರಿಗೆ ಪ್ಯಾಕಿಂಗ್ ವಿಭಾಗವೇ ಗತಿ. ನನಗೇನು ಹೆದರಿಕೆ? ಕಣ್ಣು ಅಂದರೆ ನನ್ನ ಕಣ್ಣು ಅನ್ನುವ ಜಂಬ ನನ್ನದು.

ಆ ವರ್ಷ ಮನೆಯಲ್ಲಿ ಮಾತ್ರ ದಿನಾ ರಾಮಾಯಣ. ನನ್ನ ಗಂಡ ಸಯನ್‌ನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು, ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವರಲ್ಲ. ಅಂಗಿಗಳೆಲ್ಲ ಹಳದಿಯಾಗಿವೆ, ಧೋಬಿಯನ್ನು ಬಿಡಿಸಿ ಅಂತ ನಾನು ಹಾರಾಡಿದೆ. ಬೆಳ್ಳಗೇ ಇದೆಯಲ್ಲ ಅಂದರು. ಸಾಂಬಾರಿನ ಹಬೆಗೆ ನಿಮ್ಮ ಕಣ್ಣು ಹೋಗಿದೆ ಅಂತ ಬೈದೆ. ಪಾಪದ ಮನುಷ್ಯ, ಧೋಬಿಯನ್ನು ಬಿಡಿಸಿ ಅಂಗಿಗಳನ್ನು ತಾವೇ ಒಗೆಯತೊಡಗಿದರು. ಸ್ವಲ್ಪ ದಿನದಲ್ಲಿ ಅಂಗಿ ಬೆಳ್ಳಗಾಯಿತು. ನೋಡಿದಿರಾ, ನಾನು ಹೇಳಿರಲಿಲ್ಲವಾ ಅಂದೆ.

ಮಗಳ ಬಾಣಂತನಕ್ಕೆಂದು ನನ್ನ ವಿಜಯಪುರದ ಗೆಳತಿ ರಜೆ ಹಾಕಿದಳು. ಅವಳ ಜಾಗಕ್ಕೆ ಹೊಸ ಹುಡುಗಿ ಬಂದಳು. ಬಿಳಿ ಬಕೆಟ್ಟಿನ ಮಾಲು ನೋಡುತ್ತಿದ್ದೆವು. ನಾನು ಪಾಸ್ ಮಾಡಿದ್ದನ್ನು ಅವಳು ಬೋರಲು ಹಾಕಿದಳು. ಮತ್ತೊಂದು ತುಂಡು, ಮತ್ತೆ ಹಾಗೇ. ನೆತ್ತಿಗೇರಿತು ನನಗೆ. ಇನ್ನಿಬ್ಬರನ್ನು ಕರೆಸಿದೆ. ಅವರೂ ಹಳದಿ ಅಂದರು.

ಆಗ ಗೊತ್ತಾಯಿತು. ಎಷ್ಟೋ ತಿಂಗಳಿಂದ ಗೆಳತಿ ತುಂಡು ಬೋರಲು ಹಾಕುವಾಗ ಬಳೆ ಜೋರಾಗಿ ಸದ್ದು ಮಾಡುತ್ತಿತ್ತು. ಅದು ಕಿವಿಗೆ ಬಿದ್ದ ಮೇಲೆಯೇ ನನ್ನ ಕೈ ಏಳುತ್ತಿತ್ತು. ನಾನು ನೋಡುತ್ತಿರಲಿಲ್ಲ, ಕೇಳುತ್ತಿದ್ದೆ.

ಗೆಳತಿ ರಜೆ ಮುಗಿಸಿ ಬಂದ ದಿನ, ನನ್ನನ್ನು ಕುರುಡಿ ಮಾಡಿದೆಯಲ್ಲೇ ಅಂತ ಕ್ಯಾಂಟೀನಿನಲ್ಲೇ ರೇಗಿದೆ. ಅವಳು ರೊಟ್ಟಿ ಮುರಿಯುತ್ತ, "ನಿನ್ನ ಪ್ಯಾಕಿಂಗಿಗೆ ಹಾಕಿದ್ರ ಆ ಕಿಟಕ್ಯಾಗ ನಾ ಯಾರ ಜೋಡಿ ನಿಂದ್ರಲಿ?" ಅಂದಳು. ನನಗೆ ಅಳು ತಡೆಯಲಿಲ್ಲ.

ಪರೀಕ್ಷೆಗೆ ಮೊದಲೇ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದವಳೂ ಅವಳೇ. ಎರಡೂ ಕಣ್ಣಿಗೆ ಹಳದಿ ಪೊರೆ, ಬಿಳಿಯೂ ಹಳದಿಯೂ ಅದಕ್ಕೆ ಒಂದೇ ಅಂತೆ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಎದುರಿಗೆ ಗಂಡ ನಿಂತಿದ್ದರು. ಮೈಮೇಲೆ ಆಕಾಶದಂಥ ನೀಲಿ ಅಂಗಿ.

ಇದ್ಯಾವಾಗ ತಗೊಂಡಿರಿ ಅಂತ ಕೇಳಿದೆ. ಅವರು ಅಂಗಿಯ ತುದಿ ಎಳೆದುಕೊಳ್ಳುತ್ತ, "ಹಳೇದೇ ಮಾರಾಯ್ತಿ. ನಿನಗೆ ಬಿಳಿ ಕಾಣುವವರೆಗೆ ಒಗೆಯುವ ನೀರಿಗೆ ನೀಲಿ ಹಾಕುತ್ತಾ ಹೋದೆ" ಅಂದರು. ಗಿರಾಕಿಗಳು ನಗುತ್ತಿದ್ದರಂತೆ, ನನಗೊಂದು ಮಾತು ಹೇಳಿರಲಿಲ್ಲ.

ಪರೀಕ್ಷೆ ಪಾಸಾಯಿತು. ರಿಟೈರ್ ಆಗುವವರೆಗೂ ಅದೇ ಕಿಟಕಿ, ಅದೇ ಬಳೆ. ಆ ಅಂಗಿಗಳನ್ನು ಎಸೆಯಲು ನಾನು ಬಿಡಲಿಲ್ಲ, ಅವರು ಈಗಲೂ ಹಾಕುತ್ತಾರೆ. ಬಿಲ್ಡಿಂಗಿನವರು ಏನು ಬೇಕಾದರೂ ಅನ್ನಲಿ, ನಾನು ಅವನ್ನು ಬಿಳಿ ಅಂತಲೇ ಪಾಸ್ ಮಾಡುತ್ತೇನೆ.