ಜ್ವರ ಬಂದ ದಿನ ಸುಮಿತ್ರಾ ಎಲ್ಲಿದ್ದಳು

ಮಾನ್ಯ ಓದುಗರಲ್ಲಿ ನನ್ನ ಅರಿಕೆ. ರಜೆ ಕೋರಿ ಬರೆದ ಅರ್ಜಿಗಳನ್ನು ಬಿಟ್ಟರೆ ನಾನು ಈವರೆಗೆ ಬೇರೇನನ್ನೂ ಬರೆದವಳಲ್ಲ. ಅಕ್ಷರ ದುಂಡಗಿಲ್ಲ, ಕಾಗುಣಿತದಲ್ಲಿ ಧೈರ್ಯವಿಲ್ಲ; ಆದ್ದರಿಂದ ಮೊದಲೇ ಕ್ಷಮೆ ಕೋರುತ್ತೇನೆ. ದೆವ್ವ, ಗಾಳಿ, ಶಕುನಗಳಲ್ಲಿ ನನಗೆ ನಂಬಿಕೆ ಇರಲಿಲ್ಲ, ಯಾರಾದರೂ ಹೇಳಿದರೆ ಎದುರಿಗೇ ನಗುತ್ತಿದ್ದೆ ಎಂಬುದನ್ನೂ ತಮ್ಮ ಗಮನಕ್ಕೆ ತರಬಯಸುತ್ತೇನೆ.

ಶಿಕಾರಿಪುರದಲ್ಲಿ ಪದವಿಯ ಎರಡನೆಯ ವರ್ಷ ಓದುತ್ತಿದ್ದಾಗ ನಾನು ಕಾಲೇಜಿನ ಸೇವಾ ಘಟಕದ ಸ್ವಯಂಸೇವಕಿಯಾಗಿದ್ದೆ. ಆವರಣದ ಗಿಡಗಳಿಗೆ ನೀರು ಹಾಕುವುದು, ರಕ್ತದಾನದ ದಿನ ಕುರ್ಚಿ ಜೋಡಿಸುವುದು, ಕಾರ್ಯಕ್ರಮ ಮುಗಿದ ಮೇಲೆ ತಟ್ಟೆ ಎತ್ತುವುದು, ಯಾವುದನ್ನೂ ತಪ್ಪಿಸಿದವಳಲ್ಲ. ಆದಾಗ್ಯೂ ಎಲ್ಲರ ಬಾಯಲ್ಲಿದ್ದ ಹೆಸರು ಸುಮಿತ್ರಾಳದು. ಸೊರಬದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಈ ಸಹಪಾಠಿ ತಡವಾಗಿ ಬಂದು, ಒಂದು ಗಿಡಕ್ಕೆ ನೀರು ಹಾಕಿ, ಎಲ್ಲರನ್ನೂ ನಗಿಸಿ ಹೋಗುತ್ತಿದ್ದಳು. ಯಾವ ಗಿಡ ಚಿಗುರಿದರೂ ಅದು ಸುಮಿತ್ರಾಳ ಗಿಡವಾಗುತ್ತಿತ್ತು. ಆ ವರ್ಷ ರಾಜ್ಯ ಮಟ್ಟದ ಶಿಬಿರಕ್ಕೆ ನಮ್ಮ ಕಾಲೇಜಿನಿಂದ ಒಬ್ಬರನ್ನು ಮಾತ್ರ ಕಳುಹಿಸುವುದಿತ್ತು. ಆ ಒಬ್ಬಳು ನಾನಾಗಬೇಕೆಂದು ಎಷ್ಟು ಆಸೆಪಟ್ಟಿದ್ದೆನೆಂದರೆ, ಅವಳ ನಗು ಕೇಳಿದರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಆಯ್ಕೆಗೆ ಮುನ್ನ ಕ್ಯಾಸನೂರಿನ ಸಮೀಪ, ಕಾಡಂಚಿನ ಊರೊಂದರ ಶಾಲೆಯಲ್ಲಿ ನಮ್ಮ ಶಿಬಿರ ನಡೆಯಿತು. ಮಂಗನ ಕಾಯಿಲೆ ತರುವ ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಮನೆಗೆ ಹಂಚಿ, ಹಚ್ಚುವ ಕ್ರಮವನ್ನು ತೋರಿಸುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂದಿತು. ಮೊದಲ ದಿನ ಹೋದ ಕೇರಿಯಲ್ಲಿ ಹೆಂಗಸರು ಸುಮಿತ್ರಾಳನ್ನು ಕರೆದು ಜಗಲಿಯ ಮೇಲೆ ಕೂರಿಸಿಕೊಂಡರು.

"ಇದು ನಮ್ ಬದೀ ಹುಡ್ಗಿ. ನಿಂದು ಯಾವೂರೇ?" ಎಂದು ನನ್ನನ್ನು ಕೇಳಿದರು.

"ಶಿಕಾರಿಪುರ ರೀ," ಎಂದೆ.

"ಹಂಗಾರೆ ದೂರದೋಳು," ಎಂದು ಒಬ್ಬಾಕೆ ತೀರ್ಪು ಕೊಟ್ಟರು.

ಮರುದಿನ ಸುಮಿತ್ರಾಳಿಗೆ ಜ್ವರ ಬಂತು. ಆನವಟ್ಟಿಗೆ ಕರೆದೊಯ್ದು ತೋರಿಸಿದಾಗ, ಗಂಟಲು ಬಾತು ಬಂದ ಜ್ವರ, ಹೆದರಬೇಕಾದ್ದಿಲ್ಲ ಎಂದು ವೈದ್ಯರು ಹೇಳಿದರಂತೆ. ಅವಳನ್ನು ಶಾಲೆಯ ಕೊಠಡಿಯಲ್ಲಿ ಮಲಗಿಸಲಾಯಿತು. ಅಡುಗೆಯ ಗೌರಮ್ಮನವರು ಬಳಿಯಲ್ಲಿ ಕುಳಿತರು. ನನಗೆ ಒಳಗೊಳಗೆ ಸಂತೋಷವೇ ಆಯಿತು. ಊಟದ ನಂತರ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಒಬ್ಬಳೇ ಇನ್ನೊಂದು ಕೇರಿಗೆ ಹೋದೆ. ಅಲ್ಲಿಯವರು ಅದುವರೆಗೆ ನಮ್ಮಿಬ್ಬರನ್ನೂ ಕಂಡಿರಲಿಲ್ಲ. ಒಳ್ಳೆಯ ಬಿಸಿಲಿತ್ತು, ಹೆದರುವಂಥದ್ದೇನೂ ಇರಲಿಲ್ಲ.

ಪ್ರತಿ ಮನೆಯಲ್ಲಿ ನಾನೇ ನೆಲದ ಮೇಲೆ ಕುಳಿತು ಎಣ್ಣೆ ಹಚ್ಚಿ ತೋರಿಸಿದೆ. ಕೊನೆಯ ಮನೆಯ ಅಜ್ಜಿ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡರು. ಆ ಕಾಲಿಗೆ ಆರು ಬೆರಳಿದ್ದವು. ನಾನು ಕಂಡೂ ಕಾಣದವಳಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಎಣ್ಣೆ ತಿಕ್ಕಿದೆ. ಅಜ್ಜಿ ನನ್ನ ತಲೆ ಸವರಿದರು. ಯಾರೂ ನನ್ನನ್ನು ಹಾಗೆ ಮುಟ್ಟಿ ಮೆಚ್ಚಿದ್ದಿಲ್ಲ.

ಮಾರನೆಯ ದಿನ, ಆಯ್ಕೆಗೆಂದು ನಮ್ಮ ಕೆಲಸವನ್ನು ಪರಿಶೀಲಿಸಲು ಶಿಬಿರಾಧಿಕಾರಿಗಳು ನನ್ನೊಡನೆ ಸದರಿ ಕೇರಿಗೆ ಬಂದು ವಿಚಾರಿಸಿದರು. ಕಾಲು ಮಡಚಿ ಸೆರಗು ಮುಚ್ಚಿ ಕುಳಿತಿದ್ದ ಅಜ್ಜಿ ಹೇಳಿದರು:

"ಬಂದಿದ್ರಲ, ಇಬ್ರೂ. ಆ ಗುಂಡು ಮುಖದ ಹುಡ್ಗಿ ನನ್ ಕಾಲು ತೊಡೆ ಮೇಲ್ ಇಟ್ಕಂಡು ಎಣ್ಣೆ ತಿಕ್ಕಿದ್ಲು. ಇದು ಅಲ್ಲಿ ಬೇಲಿ ಹತ್ರ ಚೀಲ ಹಿಡ್ಕಂಡು ನಿಂತಿತ್ತು. ಅವ್ಳು ಇವತ್ತು ಬರ್ಲಿಲ್ವನ?"

"ಹಚ್ಚಿದ್ದು ನಾನ್ರೀ, ಅಜ್ಜಿ."

"ನಂಗೆ ಕಣ್ಣು ಚಲೋ ಕಾಣ್ತದೆ ಮಗಾ."

ಪಕ್ಕದ ಮನೆಯಲ್ಲಿಯೂ, ಅದರಾಚೆಯ ಮನೆಯಲ್ಲಿಯೂ ಅದೇ ಉತ್ತರ ಬಂತು. ಗುಂಡು ಮುಖ, ಗಲ್ಲದ ಮೇಲೆ ಮಚ್ಚೆ, ಮಾತಿಗೊಮ್ಮೆ ನಗು. ಅಷ್ಟೂ ಸುಮಿತ್ರಾಳ ಗುರುತುಗಳೇ. ದಾರಿಯುದ್ದಕ್ಕೂ ಅಧಿಕಾರಿಗಳು ಮುಂದೆ, ನಾನು ಹಿಂದೆ ನಡೆದೆವು. ರಾಜ್ಯ ಶಿಬಿರ ಕೈತಪ್ಪಿತೆಂದೇ ತಿಳಿದೆ.

ಶಾಲೆಯಲ್ಲಿ ಗೌರಮ್ಮನವರು, "ಆ ಹುಡ್ಗಿ ಹಾಸ್ಗೆ ಬಿಟ್ಟು ಏಳ್ಲಿಲ್ಲ ಸಾರ್. ನಾನೇ ಇದ್ನಲ, ಗಂಜಿ ಕುಡಿಸ್ಕತ," ಎಂದರು. ಸುಮಿತ್ರಾ ಹೊದಿಕೆಯೊಳಗಿಂದ ಎದ್ದು ಕುಳಿತು, "ನಾ ಹೋಗೇ ಇಲ್ಲ ಸಾರ್. ಕೆಲ್ಸ ಎಲ್ಲ ಅವ್ಳದೇ. ಅವ್ಳ ಹೆಸ್ರೇ ಕಳ್ಸಿ," ಎಂದಳು. ಅಧಿಕಾರಿಗಳು ನನ್ನನ್ನು ಆಯ್ಕೆ ಮಾಡಿದರು. ಆದರೆ ಸಂಜೆ ಎಲ್ಲರೆದುರು ಹೊಗಳಿದ್ದು ಅವಳ ಪ್ರಾಮಾಣಿಕತೆಯನ್ನು. ಗೆದ್ದ ದಿನವೂ ನನ್ನ ಹೊಟ್ಟೆ ಉರಿಯಿತು.

ಹೊರಡುವ ಮುನ್ನ ಹಾಸಿಗೆ ಸುತ್ತುತ್ತಿದ್ದ ಸುಮಿತ್ರಾ ನನ್ನನ್ನು ಹತ್ತಿರ ಕರೆದಳು.

"ಒಂದು ಕೇಳ್ತೀನಿ, ಸಿಟ್ ಮಾಡ್ಕಬೇಡ. ಜ್ವರದಲ್ಲಿ ಕನಸು ಬಿದ್ದಿತ್ತು. ನಾನು ನೀನು ಮನೆಮನೆಗೆ ಹೋಗ್ತಿದ್ವಿ. ಒಂದು ಅಜ್ಜಿಗೆ ಕಾಲಲ್ಲಿ ಆರು ಬೆರಳು. ನಾನು ಎಷ್ಟು ಮಾತಾಡ್ಸಿದ್ರೂ ನೀನು ನನ್ ಕಡೆ ತಿರುಗಿ ಸಹ ನೋಡ್ಲಿಲ್ಲ. ಎಂತಕ್ಕೆ?"

ಬೆರಳಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಚೀಲ ಎತ್ತಿಕೊಂಡು ಹೊರಗೆ ನಡೆದೆ.

ರಾಜ್ಯ ಶಿಬಿರಕ್ಕೆ ಹೋಗಿ ಬಂದೆ. ಹಲವು ವರ್ಷಗಳಾದರೂ ನಡೆದುದೇನೆಂದು ವಿವರಿಸಲು ಅಶಕ್ತಳಾಗಿದ್ದೇನೆ. ಆ ಅಜ್ಜಿ ಬದುಕಿದ್ದರೆ ಈಗಲೂ ನೆನೆಯುವುದು ಸುಮಿತ್ರಾಳನ್ನೇ ಎಂಬುದಷ್ಟೇ ಖಚಿತ. ಅದನ್ನು ನೆನೆದರೆ ಇಂದಿಗೂ ನನಗೆ ಸಹಿಸಲಾಗುವುದಿಲ್ಲ. ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ಓದುಗರು ದಯಮಾಡಿ ತಿದ್ದಬೇಕು. ಎಣ್ಣೆ ಹಚ್ಚಿದವಳು ನಾನೇ ಎಂದು ಬರೆದಿರುವುದು ತಪ್ಪಾಗಿದ್ದಲ್ಲಿ, ಅದನ್ನೂ ತಿದ್ದಬೇಕೆಂದು ವಿನಂತಿಸುತ್ತೇನೆ.