ಬೈಂಡರನಿಗೊಂದು ಸಂತಾಪ ಸಭೆ

ಇತಿಹಾಸ ವಿಭಾಗದಲ್ಲಿ ಯಾರು ತೀರಿಕೊಂಡರೂ ಸುದ್ದಿ ಮೊದಲು ಬರುತ್ತಿದ್ದುದು ಟೈಪಿಸ್ಟ್ ಅಕ್ಕನ ಮೇಜಿಗೆ. ಸಂತಾಪ ನಿರ್ಣಯ ಬರೆಯಬೇಕಾದವಳು ಅವಳೇ ತಾನೆ! ಇಪ್ಪತ್ತೇಳು ವರ್ಷಗಳಲ್ಲಿ ಹತ್ತೊಂಬತ್ತು ನಿರ್ಣಯ ಟೈಪು ಮಾಡಿದ್ದಳು. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದಿದ್ದ ಪ್ರೊಫೆಸರುಗಳೆಲ್ಲ ಅವಳ ಹಾಳೆಯಲ್ಲಿ ಅಜಾತಶತ್ರುಗಳಾಗಿ ಹೋಗಿದ್ದರು.

ಈ ಸಲ ಸತ್ತವನು ಅವಳ ಗಂಡ. ವಿಭಾಗದ ಗ್ರಂಥಾಲಯದ ಬೈಂಡರ್. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅಂಟು, ದಾರ, ರಟ್ಟುಗಳ ನಡುವೆ ಮೂವತ್ತು ವರ್ಷ ಕೂತು, ಹಾಳೆ ಉದುರಿದ ಪುಸ್ತಕಗಳ ಬೆನ್ನು ಹೊಲಿದು ತನ್ನ ಬೆನ್ನು ಬಗ್ಗಿಸಿಕೊಂಡವನು. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಹಾಗೇ ಕುಸಿದುಬಿಟ್ಟ. ಸಂತಾಪ ಸಭೆಗಳಿಗೆ ಕುರ್ಚಿ ಹೊತ್ತು ಹಾಕುತ್ತಿದ್ದವನೂ ಅವನೇ. ಅಂಥ ದಿನ ಮನೆಗೆ ಬಂದರೆ, "ನಾನು ಸತ್ರೆ ಇವ್ರು ಎದ್ದು ನಿಲ್ತಾರೇನೇ?" ಎಂದು ನಗುತ್ತಿದ್ದ. ತಮಾಷೆಯೇ ಸರಿ, ಆದರೆ ಒಂದು ಸಲವೂ ಕೇಳದೆ ಬಿಟ್ಟವನಲ್ಲ.

ಹದಿನೈದು ದಿನ ಕಳೆದು ಅವಳು ಕೆಲಸಕ್ಕೆ ಹೋದಳು. ಎಲ್ಲರೂ ಬಂದು "ಛೆ, ಹೀಗಾಗಬಾರ್ದಿತ್ತು" ಎಂದರು. ಸಭೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಸಂಜೆ ಅತ್ತೆ ಬಾಗಿಲಲ್ಲೇ ಕಾದಿರುತ್ತಿದ್ದರು.

"ನನ್ನ ಮಗಂಗೆ ಮೀಟಿಂಗ್ ಮಾಡಿದ್ರೇನಮ್ಮಾ?"

"ನಾಳೆ ಮಾಡ್ತಾರಂತೆ, ಅತ್ತೆ."

ಎಷ್ಟು ದಿನ ಅಂತ ನಾಳೆ ಎನ್ನುವುದು? ಎಂಟನೆಯ ದಿನ ಮುಖ್ಯಸ್ಥರ ಕೋಣೆಗೆ ಹೋಗಿ ನಿಂತಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮಾಡ್ಬಾರ್ದು ಅಂತಲ್ಲಮ್ಮ. ಸಭೆ ಏನಿದ್ರೂ ಮೇಷ್ಟ್ರುಗಳಿಗೆ ಮಾಡೋದು. ಬೇರೆಯವ್ರಿಗೆ ಹಿಂದೆ ಯಾವಾಗಾದ್ರೂ ಮಾಡಿದ್ದು ದಾಖಲೇಲಿ ಇದ್ರೆ ತೋರ್ಸಿ. ಈ ವಾರಾನೇ ಇಟ್ಕೊಳ್ಳೋಣ."

ದಾಖಲೆ ತೋರಿಸದಿದ್ದರೆ ಸೂರ್ಯ ಹುಟ್ಟಿದ್ದನ್ನೂ ನಂಬದ ಜನ! ಶನಿವಾರ ಮಧ್ಯಾಹ್ನ ವಿಭಾಗ ಖಾಲಿಯಾದ ಮೇಲೆ ಅವಳು ಸಭೆಗಳ ನಡಾವಳಿ ಪುಸ್ತಕಗಳನ್ನೆಲ್ಲ ಬೀರುವಿನಿಂದ ಇಳಿಸಿ ಹಾಳೆ ಹಾಳೆ ತಿರುವಿದಳು. ಎಲ್ಲವೂ ಗಂಡನೇ ಬೈಂಡು ಮಾಡಿದವು. ಒಂದರಲ್ಲೂ ಅಂಥ ಸಭೆಯಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಗೇಟಿನ ಕಾವಲುಗಾರ ಮುದುಕ ಸ್ಟೂಲಿನ ಮೇಲೆ ಕೂತಲ್ಲೇ ಸತ್ತಿದ್ದ. ಆ ವಾರದ ನಡಾವಳಿ ತೆಗೆದಳು. ಕಿಟಕಿಯ ಪರದೆಗೆ ಯಾವ ಬಣ್ಣ ಎಂಬ ಬಗ್ಗೆ ಒಂದೂವರೆ ಪುಟ ಚರ್ಚೆ. ಮುದುಕನ ಬಗ್ಗೆ ಅರ್ಧ ಸಾಲೂ ಇಲ್ಲ. ಟೈಪು ಮಾಡಿದವಳು ತಾನೇ.

ಆ ಪುಸ್ತಕದ ಕೊನೆಯಲ್ಲಿದ್ದ ಖಾಲಿ ಹಾಳೆಯೊಂದನ್ನು ಬಿಡಿಸಿಕೊಂಡಳು. ಮೂಲೆಗೆ ತಳ್ಳಿದ್ದ ಹಳೆಯ ಟೈಪ್‌ರೈಟರಿನ ಧೂಳು ಕೊಡವಿ, ಕಾವಲುಗಾರನಿಗೆ ಇಪ್ಪತ್ತು ವರ್ಷ ತಡವಾಗಿ ಸಂತಾಪ ಸೂಚಿಸಿದಳು. ಕೆಳಗೆ ಆಗಿನ ಮುಖ್ಯಸ್ಥರ ಸಹಿಯನ್ನೂ ಎಳೆದಳು. ಅವರೂ ಈಗಿಲ್ಲ, ಬಂದು ಜಗಳ ತೆಗೆಯುವ ಹಾಗಿಲ್ಲ. "ಹಳೇ ತೂತಲ್ಲೇ ಸೂಜಿ ಏರಿಸ್ಬೇಕು ಕಣೇ, ಹೊಸ ತೂತು ಬಿದ್ರೆ ಪುಸ್ತಕ ಕೆಟ್ಟಹಾಗೆ" ಎಂದು ಗಂಡ ಕಲಿಸಿಕೊಟ್ಟಿದ್ದಂತೆಯೇ ಹಾಳೆಯನ್ನು ಪರದೆಯ ಚರ್ಚೆಯ ಪಕ್ಕಕ್ಕೆ ಹೊಲಿದಳು. ಸುಳ್ಳು ಸೃಷ್ಟಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ಅಜಾತಶತ್ರುಗಳ ಮುಂದೆ ಇದೇನು ಮಹಾ ಎಂದೂ ಅನ್ನಿಸಿತು.

ಸೋಮವಾರ ಮುಖ್ಯಸ್ಥರು ಹಾಳೆಯನ್ನು ಬೆರಳಲ್ಲಿ ಸವರಿ, ಬೆಳಕಿಗೆ ಹಿಡಿದು ನೋಡಿದರು.

"ನೋಡಿದ್ರಾ! ಮನುಷ್ಯ ಮರೀತಾನೆ, ದಾಖಲೆ ಮರೆಯಲ್ಲ" ಎಂದರು ಅವರು. "ಆ ಮುದುಕನ ಸಭೇಲಿ ನಾನೂ ಇದ್ದೆ. ಈಗ ನೆನಪಾಗ್ತಿದೆ."

ಗುರುವಾರ ಮೂರು ಗಂಟೆಗೆ ಸಭೆ ಸೇರಿತು. ಕುರ್ಚಿ ಹಾಕುವವರಿಲ್ಲದೆ ಅವಳೇ ಹಾಕಿದಳು. ಮುಖ್ಯಸ್ಥರು ಹಾಳೆ, ಶಾಯಿ, ರಟ್ಟುಗಳ ಚರಿತ್ರೆ ಹೇಳಿದರು. ಬೈಂಡರನ ಬಗ್ಗೆ ಹೇಳಲು ಯಾರಿಗೂ ಏನೂ ಗೊತ್ತಿರಲಿಲ್ಲ. "ಭಾಳ ಸೈಲೆಂಟ್ ಮನುಷ್ಯ" ಎಂದರೊಬ್ಬರು. ಮನೆಯಲ್ಲಿ ಬಾಯಿಗೆ ಬಿಡುವು ಕೊಡದಿದ್ದವನು!

ಆಮೇಲೆ ಮೌನಕ್ಕೆಂದು ಎಲ್ಲರೂ ಎದ್ದು ನಿಂತರು. ಗೋಡೆ ಗಡಿಯಾರ ನೋಡಿಕೊಂಡು, ಎರಡು ನಿಮಿಷ ತುಂಬಿದೊಡನೆ ಮೆಲ್ಲಗೆ ಗಂಟಲು ಸರಿಮಾಡುವುದು ಯಾವಾಗಲೂ ಅಕ್ಕನ ಕೆಲಸ. ಅದನ್ನು ಕೇಳಿ ಉಳಿದವರು ಕೂರುವುದು ವಿಭಾಗದ ರೂಢಿ.

ಎರಡು ನಿಮಿಷ ಆಯಿತು. ಅವಳು ಸುಮ್ಮನಿದ್ದಳು. ಒಮ್ಮೆ ಕೂತರೆ ಇವರು ಅವನಿಗೋಸ್ಕರ ಇನ್ನು ಯಾವತ್ತೂ ಏಳುವುದಿಲ್ಲ. ಮೂರು ನಿಮಿಷವಾಯಿತು. ಯಾರೋ ಕಾಲು ಬದಲಿಸಿದರು. ನಾಲ್ಕಾಯಿತು. ಮುಖ್ಯಸ್ಥರು ತಗ್ಗಿಸಿದ ತಲೆಯಲ್ಲೇ ಓರೆಗಣ್ಣಿಂದ ನೋಡಿದರು. ಅತ್ತೆಯನ್ನು ಸಂಭಾಳಿಸುವ ಗಡಿಬಿಡಿಯಲ್ಲಿ, ಗಂಡನ ಹೆಣದ ಮುಂದೆಯೂ ಅವಳು ಅತ್ತಿರಲಿಲ್ಲ. ಈಗ ಅಳು ಒತ್ತರಿಸಿಕೊಂಡು ಬಂತು. ತುಟಿ ಕಚ್ಚಿದಳು, ಸೆರಗು ಬಾಯಿಗೊತ್ತಿದಳು, ಆದರೂ ಗಂಟಲಿನಿಂದ ಸದ್ದೊಂದು ಹೊರಟೇಬಿಟ್ಟಿತು.

ಅದು ಕೇಳಿದ್ದೇ ತಡ, ಎಲ್ಲರೂ ಕೂತರು.